ಒಂದು ನಮೂನೆ ಮನುಷ್ಯ

ನಮ್ಮ ಮಲೆನಾಡಿನ ಕಡೆ ಯಾರದಾದರೂ ಸ್ವಭಾವ ಸರಿಯಾಗಿ ಅರ್ಥವಾಗದಿದ್ದರೆ ‘ಅವ ಒಂದು ನಮೂನೆ’ ಎಂದು ಹೇಳಿ ಮಾತು ಮುಗಿಸುತ್ತೇವೆ. ನಮ್ಮೂರಿನ ನಮೂನೆಯಣ್ಣ ಮಾತ್ರ ಒಂದೇ ನಮೂನೆಯಲ್ಲ. ಸರ್ಕಾರಿ ಕಾಗದದ ನಮೂನೆ 9, ನಮೂನೆ 11ಎ, 11ಬಿ, ನಮೂನೆ 15, ನಮೂನೆ 16 ಎಲ್ಲ ಸೇರಿ ಆದ ಆಸಾಮಿ. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಇದ್ದೀತು, ಊರವರಿಗಂತೂ ಮರೆತುಹೋಗಿದೆ.

ಅರವತ್ತರ ಆಸುಪಾಸಿನ ವಯಸ್ಸು. ತೋಟ ಮಗನ ಉಸ್ತುವಾರಿ. ಕಂಕುಳಲ್ಲಿ ರೆಕ್ಸಿನ್ ಚೀಲ, ಜೇಬಿನಲ್ಲಿ ಹೆಬ್ಬೆಟ್ಟಿನ ಶಾಯಿಪ್ಯಾಡು, ಬಾಯಲ್ಲಿ ಕವಳ. ಪಂಚಾಯ್ತಿ ಜಗುಲಿಯ ಬೆಂಚಿನ ಎಡತುದಿ ಅವರದ್ದು. ಖಾತೆ ಮಾಡಿಸಿಕೊಂಡಿಲ್ಲ, ಅಷ್ಟೆ. ಹಾಗೆಂದು ದಲ್ಲಾಳಿ ಎಂದುಕೊಳ್ಳಬೇಡಿ. ದಲ್ಲಾಳಿಗೆ ದುಡ್ಡು ಕೊಟ್ಟರೆ ಕೆಲಸ ಮುಗಿಯುತ್ತದೆ. ಇವರು ಒಂದು ಪೈಸೆ ಮುಟ್ಟುವವರಲ್ಲ, ಆದ್ದರಿಂದ ಮುಗಿಸುವ ಅವಸರವೂ ಇಲ್ಲ.

ಮನುಷ್ಯರನ್ನೂ ಅವರು ನಮೂನೆಯಲ್ಲೇ ಗುರುತಿಸುವುದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇಸಿ, ಅಂದರೆ ಋಣಭಾರ ಪತ್ರ, ಕೇಳಿದರೆ, ಆಸ್ತಿಯ ಮೇಲೆ ವ್ಯವಹಾರ ನಡೆದಿದ್ದಲ್ಲಿ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ. ನಮೂನೆಯಣ್ಣನ ಲೆಕ್ಕದಲ್ಲಿ ಮದುವೆಯಾದವನು ಹದಿನೈದು, ಆಗದವನು ಹದಿನಾರು. ಒಮ್ಮೆ ಹುಡುಗಿ ಕಡೆಯವರು ಪಕ್ಕದ ಮನೆಯ ಹುಡುಗನನ್ನು ವಿಚಾರಿಸಲು ಬಂದಾಗ “ಹುಡುಗ ಅಪ್ಪಟ ಹದಿನಾರು, ನಾನು ಬರೆದು ಕೊಡ್ತೆ” ಎಂದುಬಿಟ್ಟರು. ಬಂದವರು ಅದು ವಯಸ್ಸೆಂದುಕೊಂಡು ಹೆದರಿ ಮುಂದಿನ ಬಸ್ಸಿಗೇ ಹೋದರು. ಇನ್ನು ಭೂಪರಿವರ್ತನೆ ಆಗದ ಜಾಗದಲ್ಲಿ ಕಟ್ಟಿದ ಮನೆಗೆ ಸಿಗುವುದು 11ಬಿ. “ಅವರ ಮನೆಯಲ್ಲಿ ಊಟ ಮಾಡಬಹುದು, ಬ್ಯಾಂಕಿಗೆ ಜಾಮೀನು ಮಾತ್ರ ನಿಲ್ಲಬೇಡಿ. 11ಬಿ!”

ನಿವೃತ್ತಿಯ ದುಡ್ಡಿನಲ್ಲಿ ಹಳೇ ಮನೆಯ ಹಿಂದೆ ಸಣ್ಣದೊಂದು ಮನೆ ಕಟ್ಟೋಣ ಎಂದು ನಾನು ಹೆಂಡತಿಗೆ ಹೇಳಿದ್ದು ಅಡುಗೆಮನೆಯಲ್ಲಿ, ಅದೂ ದನಿ ತಗ್ಗಿಸಿ. ಮರುದಿನ ಬೆಳಗಿನ ದೋಸೆಗೆ ನಮೂನೆಯಣ್ಣ ಹಾಜರು.

“ಮಾಷ್ಟ್ರೇ, ಪಂಚಾಯತ್ ರಾಜ್ ಕಾಯ್ದೆ 1993, ಪ್ರಕರಣ 64 ಓದಿದ್ದೀರಾ?”

“ಇಲ್ಲ.”

“ಪರವಾನಗಿ ಇಲ್ಲದೆ ಒಂದು ಕಲ್ಲೂ ಇಡೋ ಹಾಗಿಲ್ಲ” ಎಂದು ಮೂರನೇ ದೋಸೆಗೆ ಕೈ ಹಾಕಿದರು. ಮೂವತ್ತೈದು ವರ್ಷ ಊರಿನ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ನಾನು ಅಂದಿನಿಂದ ಅವರ ಶಾಲೆಗೆ ಸೇರಿದೆ.

ಮೊದಲ ಪಾಠ ಪಹಣಿ. ಕಾಲಂ 11ರಲ್ಲಿ ನನ್ನ ಅಜ್ಜ ಸೊಸೈಟಿಯಿಂದ ತೆಗೆದ ಸಾಲ ಇನ್ನೂ ಕೂತಿತ್ತು. ಸಾಲ ತೀರಿ, ಅಜ್ಜನೂ ತೀರಿ ಎಷ್ಟೋ ಕಾಲವಾಗಿದೆ. ಆದರೆ ಕೈಬರಹದ ಪಹಣಿ ಹೋಗಿ ‘ಭೂಮಿ’ ತಂತ್ರಾಂಶ ಬಂದಾಗ ಅಜ್ಜ ಸಾಲದ ಸಮೇತ ಕಂಪ್ಯೂಟರ್ ಹತ್ತಿಬಿಟ್ಟಿದ್ದಾರೆ. ನಮೂನೆಯಣ್ಣನ ಮುಖ ಅರಳಿತು. “ಚಿನ್ನದಂಥ ತೊಡಕು ಮಾರಾಯ್ರೆ!”

ಎರಡನೆಯದು ಚಕ್ಕುಬಂದಿ. ಹಳೇ ಪತ್ರದಲ್ಲಿ ‘ಪೂರ್ವಕ್ಕೆ ದೊಡ್ಡ ಹಲಸಿನ ಮರ’ ಎಂದಿದೆ. ಆ ಮರವನ್ನು ಕಡಿಸಿಯೇ ನಮ್ಮಪ್ಪ ಹಳೇ ಮನೆಗೆ ಬಾಗಿಲು ಮಾಡಿಸಿದ್ದು. ಅಂದರೆ ನಮ್ಮ ಪೂರ್ವದ ಗಡಿಯನ್ನು ನಾವು ದಿನಾ ರಾತ್ರಿ ಅಗುಳಿ ಹಾಕಿ ಮಲಗುತ್ತಿದ್ದೇವೆ. ನಮೂನೆಯಣ್ಣ ಬಾಗಿಲನ್ನು ಎರಡು ಸಲ ತಟ್ಟಿ ನೋಡಿ, “ಸಾಕ್ಷಿ ಮನೆಯಲ್ಲೇ ಇದೆ, ಹೆದರಬೇಡಿ” ಎಂದು ಧೈರ್ಯ ಹೇಳಿದರು.

ಸರ್ವೆಯವರು ಬಂದು ಅಳೆದಾಗ ನಿಜವಾದ ಹಬ್ಬ. ಊರಿನ ಮನೆಗಳಿಗೆಂದೇ ಇರುವ ಗ್ರಾಮ ಠಾಣಾದ ಗಡಿ ಸರಿಯಾಗಿ ನಾವು ಕಟ್ಟಬೇಕೆಂದಿದ್ದ ಹೊಸ ಮನೆಯ ನಡುವೆ ಹಾದುಹೋಗಿತ್ತು. ದೇವರ ಕೋಣೆ ಠಾಣಾದಲ್ಲಿ, ಅಡುಗೆಮನೆ ತೋಟದ ಸರ್ವೆ ನಂಬರಿನಲ್ಲಿ. ದೇವರು ಸಕ್ರಮ, ನೈವೇದ್ಯ ಅಕ್ರಮ.

“11ಇ ನಕ್ಷೆ ಮಾಡಿಸುವ. ಭೂಕಂದಾಯ ಕಾಯ್ದೆ ಪ್ರಕರಣ 95ರಲ್ಲಿ ಅಡುಗೆಮನೆಗೆ ಭೂಪರಿವರ್ತನೆ ಮಾಡಿಸುವ. ಎರಡು ವರ್ಷವಾದ್ರೂ ಅಡ್ಡಿಲ್ಲ, ನಾನೇ ಓಡಾಡ್ತೆ” ಎಂದು ನಮೂನೆಯಣ್ಣ ಹೊಸ ಕವಳ ಕಟ್ಟಲು ಕೂತರು.

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: “ಮನೇನೇ ಎಂಟಡಿ ಈಚೆ ಕಟ್ಟಿದ್ರೆ ಆಗೂದಿಲ್ವ?”

ಸರ್ವೆಯವರು ತಲೆಯೆತ್ತಿ, “ಆಗ್ತದಲ್ಲ ಅಮ್ಮ” ಎಂದರು.

ನಮೂನೆಯಣ್ಣ ಅವತ್ತು ಕಾಫಿ ಕುಡಿಯದೆ ಹೋದರು. ಮೂರು ದಿನ ನಮ್ಮ ಕಡೆ ಸುಳಿಯಲಿಲ್ಲ. ಎರಡು ವರ್ಷದ ಕೆಲಸವನ್ನು ಒಬ್ಬ ಹೆಂಗಸು ಒಲೆ ಮುಂದಿನಿಂದಲೇ ಕಿತ್ತುಕೊಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. (ಅಜ್ಜನ ಸಾಲ ತೆಗೆಸಲು ಓಡಾಡಿದ್ದು ವ್ಯರ್ಥವಾಯಿತೆಂದು ನನಗೂ ಉರಿಯಿತು. ಆದರೆ ಅಜ್ಜನಿಗೆ ಋಣಮುಕ್ತಿ ಸಿಕ್ಕಿತಲ್ಲ.)

ಅವರನ್ನು ಮತ್ತೆ ಕರೆತಂದದ್ದು ಇ-ಸ್ವತ್ತು. 2013ರಿಂದ ಹಳ್ಳಿಯ ಆಸ್ತಿಯ ದಾಖಲೆಗಳಾದ ನಮೂನೆ 9, 11ಎ ಎರಡೂ ಆ ತಂತ್ರಾಂಶದಿಂದಲೇ ಇಳಿಯಬೇಕು. ಅದು ಆಗದೆ ಮನೆ ಪರವಾನಗಿಯ ಅರ್ಜಿ ಮುಟ್ಟುವುದಿಲ್ಲ ಎಂದರು ಪಂಚಾಯ್ತಿಯಲ್ಲಿ. ಒಂದು ದಿನ ಸರ್ವರ್ ಡೌನ್. ಒಂದು ದಿನ ಸರ್ವರ್ ಇದೆ, ಕರೆಂಟಿಲ್ಲ. ಒಂದು ದಿನ ಎರಡೂ ಇವೆ, ಪಿಡಿಒ ವಿಡಿಯೊ ಕಾನ್ಫರೆನ್ಸಿನಲ್ಲಿದ್ದಾರೆ. ಎಲ್ಲ ಕೂಡಿಬಂದ ದಿನ ಡಿಜಿಟಲ್ ಸಹಿಯ ಡಾಂಗಲ್ ತಾಲೂಕಿನಲ್ಲಿ ಉಳಿದಿದೆ. ರಾತ್ರಿ ಒಂಬತ್ತಕ್ಕೆ ನಮೂನೆಯಣ್ಣನ ಫೋನು: “ಮಾಷ್ಟ್ರೇ, ಫೈಲು ಒಂದು ಲಾಗಿನ್ ದಾಟಿತು. ಇನ್ನೊಂದೇ ಬಾಕಿ.” ಆಸ್ಪತ್ರೆಯಿಂದ ಬಾಣಂತಿಯ ಸುದ್ದಿ ಹೇಳುವವರ ದನಿ.

ಕಡೆಗೊಂದು ದಿನ ಪರವಾನಗಿ ಬಂತು. ಒಂದೇ ಹಾಳೆ, ಮೇಲೊಂದು ಮೊಹರು. ನಮೂನೆಯಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮುಗೀತಾ?” ಎಂದರು. ನನ್ನನ್ನಲ್ಲ, ಕಾಗದವನ್ನು ಕೇಳಿದಂತಿತ್ತು.

ಆಮೇಲೆ ಮಳೆಗಾಲ ಹಿಡಿಯಿತು. ಊರಿನಲ್ಲಿ ಯಾರೂ ಮನೆಯ ಮಾತೆತ್ತಲಿಲ್ಲ. ಬೆಂಚಿನ ಎಡತುದಿಯಲ್ಲಿ ಅವರು ಸುಮ್ಮನೆ ಮಳೆ ನೋಡುತ್ತ ಕೂರುತ್ತಿದ್ದರು. ಕವಳವೂ ಕಮ್ಮಿಯಾಗಿತ್ತು. “ಮಾವನವರಿಗೆ ಮೈ ಹುಷಾರಿಲ್ಲ, ಊಟ ಸೇರ್ತಾ ಇಲ್ಲ” ಎಂದು ಅವರ ಸೊಸೆ ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ.

ಫಾಲ್ಗುಣದಲ್ಲಿ ನಮ್ಮ ಗೃಹಪ್ರವೇಶ. ಹೋಳಿಗೆಯ ಊಟ ಮುಗಿಸಿ ಎಲ್ಲರೂ ಒಳಗೆ ಟೈಲ್ಸು, ಕಿಟಕಿ ನೋಡುತ್ತಿದ್ದರೆ ನಮೂನೆಯಣ್ಣ ಹೊರಗೆ ನಕ್ಷೆ ಹಿಡಿದು ಹೆಜ್ಜೆ ಎಣಿಸುತ್ತಿದ್ದರು. ಜಗುಲಿಯ ತುದಿಗೆ ಬಂದು ನಿಂತರು. ಹಿಂದೆ ಹೋಗಿ ಇನ್ನೊಮ್ಮೆ ಎಣಿಸಿದರು. ಮುಖ ಅರಳಿತು.

“ಮಾಷ್ಟ್ರೇ! ಜಗುಲಿ ನಕ್ಷೆಗಿಂತ ಎರಡಡಿ ಉದ್ದ ಆಗಿದೆ! ನಾಳೆ ಹನ್ನೊಂದಕ್ಕೆ ಪಂಚಾಯ್ತಿಗೆ ಬನ್ನಿ. ಮೂರು ಪ್ರತಿ ಜೆರಾಕ್ಸ್ ಇರಲಿ.” ಎಂದವರೇ ಸಂಜೆಯ ಕಾಫಿಗೂ ನಿಂತರು.

ಆ ಎರಡಡಿ ಹೆಚ್ಚಿಗೆ ಕಟ್ಟು ಎಂದು ಮೇಸ್ತ್ರಿಗೆ ಹೇಳಿದವನು ನಾನೇ.