ಶ್ರೀ ಸಮನ್ವಯ ಸಭಾ ವ್ರತ ವಿಧಾನ

ಒಂದೇ ಊರಿನ ರಸ್ತೆ, ನೀರು, ಚರಂಡಿ, ಮನೆ, ನಕ್ಷೆಗಳನ್ನು ಹತ್ತಾರು ಸಂಸ್ಥೆಗಳು ಹಂಚಿಕೊಂಡಿರುವ ಕಡೆ ಈ ವ್ರತವನ್ನು ಆಚರಿಸತಕ್ಕದ್ದು. ಬೆಂಗಳೂರಿನಲ್ಲಿ ಆಚರಿಸಿದರೆ ವಿಶೇಷ ಫಲ. ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಬಡಾವಣೆ ಮುಳುಗಿದ ಮಾರನೆಯ ದಿನ ಇನ್ನೊಮ್ಮೆ, ಹೈಕೋರ್ಟು ಛೀಮಾರಿ ಹಾಕಿದ ವಾರದಲ್ಲಿ ಕಡ್ಡಾಯವಾಗಿ ಮಾಡಬೇಕು. ಪಕ್ಷಭೇದವಿಲ್ಲ, ಬಂದ ಸರ್ಕಾರಗಳೆಲ್ಲ ಭಕ್ತಿಯಿಂದ ನಡೆಸಿಕೊಂಡು ಬಂದಿವೆ. ಉಪವಾಸ ಬೇಕಿಲ್ಲ. ಗೋಡಂಬಿ, ಬಿಸ್ಕತ್ತು, ಕಾಫಿ ನಿಷಿದ್ಧವಲ್ಲ.

ಸಾಮಗ್ರಿ

ಉದ್ದನೆಯ ಮೇಜು ಒಂದು. ಎಲ್ಲರ ಮುಂದೆಯೂ ಬಾಟಲಿ ನೀರು. ನಲ್ಲಿಯ ನೀರು ಈ ಪೂಜೆಗೆ ಸಲ್ಲದು. ಹಿಂದಿನ ಸಭೆಯ ನಡಾವಳಿ ಮತ್ತು ಅದರ ಅನುಪಾಲನಾ ವರದಿ. ವರದಿಯಲ್ಲಿ ‘ಕ್ರಮ ವಹಿಸಲಾಗುತ್ತಿದೆ’ ಎಂಬ ಮಂತ್ರ ಪ್ರತಿ ಸಾಲಿನ ಕೊನೆಯಲ್ಲೂ ಬಂದಿರಬೇಕು, ‘ವಹಿಸಲಾಗಿದೆ’ ಎಂದು ತಪ್ಪಿಯೂ ಬರಬಾರದು. ಇಲಾಖೆಗೊಂದರಂತೆ ನಕ್ಷೆಗಳು ಬೇಕು. ಅವನ್ನು ಒಂದರ ಮೇಲೊಂದಿಟ್ಟು ಹೋಲಿಸುವುದು ಅಪಚಾರ.

ಆವಾಹನೆ

ಮೊದಲು ಜಲಮಂಡಳಿಯನ್ನು ಆವಾಹಿಸಿ. 1964ರ ಕಾಯ್ದೆಯಿಂದ ಹುಟ್ಟಿದ್ದು, ಹಿರಿಯದು. ನಂತರ 1976ರ ಬಿಡಿಎ, ಅಂದರೆ ಅಭಿವೃದ್ಧಿ ಪ್ರಾಧಿಕಾರ. ಆಮೇಲೆ 1985ರ ಕಾಯ್ದೆಯ ಬಿಎಂಆರ್‌ಡಿಎ, ಅಂದರೆ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ. ಸುಮಾರು 8,000 ಚದರ ಕಿಲೋಮೀಟರ್ ವ್ಯಾಪ್ತಿಯ ಈ ದೈವ ಎಲ್ಲೆಡೆಯೂ ಇದೆ, ಎದುರಿಗೆ ಕಂಡವರು ಕಡಿಮೆ. ಬೆಸ್ಕಾಂ, ಮೆಟ್ರೊ, ಬಿಎಂಟಿಸಿ, ಸಂಚಾರ ಪೊಲೀಸರನ್ನು ಒಟ್ಟಿಗೆ ಕರೆಯಬಹುದು. ಸಾರಿಗೆಯವರನ್ನೆಲ್ಲ ಸಮನ್ವಯಗೊಳಿಸಲೆಂದೇ 2022ರ ಕಾಯ್ದೆಯಿಂದ ಪ್ರತಿಷ್ಠಾಪಿಸಿದ ಭೂಸಾರಿಗೆ ಪ್ರಾಧಿಕಾರಕ್ಕೆ ಪ್ರತ್ಯೇಕ ಆಸನ ಕೊಡಿ. ಕೆರೆಗಳಿಗಾಗಿ 2014ರ ಕಾಯ್ದೆಯಲ್ಲಿ ಹುಟ್ಟಿದ ಪ್ರಾಧಿಕಾರವನ್ನು ಕರೆಯಬೇಡಿ. ಅದನ್ನು 2018ರಲ್ಲೇ ವಿಸರ್ಜಿಸಲಾಗಿದೆ.

ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ಎರಡು ದೈವಗಳ ನಡುವೆ ಮಾತಿಲ್ಲ ಎಂದಾದರೆ ಅವುಗಳನ್ನು ಮಾತಾಡಿಸಲು ಹೋಗಬಾರದು. ಎರಡರ ಮೇಲೂ ಮೂರನೆಯದನ್ನು ಸ್ಥಾಪಿಸಬೇಕು. ಈ ಸಂಪ್ರದಾಯಕ್ಕೆ ಅನುಸಾರವಾಗಿಯೇ 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರ್ 2ರಂದು ಬಿಬಿಎಂಪಿ ಎಂಬ ಒಂದೇ ಪಾಲಿಕೆ ಹೋಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಾದವು. ಐದರ ತಲೆಯ ಮೇಲೆ ಜಿಬಿಎ ಎಂಬ ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಒಂದೇ ಪಾಲಿಕೆ ಇದ್ದಾಗಲೂ ರಸ್ತೆಯ ಗುಂಡಿಗೆ ಯಾರು ಹೊಣೆ ಎಂಬುದು ಚರ್ಚೆಯ ವಿಷಯವಾಗಿತ್ತು. ಈಗ ಚರ್ಚಿಸಲು ಜನ ಹೆಚ್ಚಿದ್ದಾರೆ.

ಐದಾಗಿ ಒಡೆದದ್ದೇ ತಪ್ಪು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಲಹಂಕದ ಚರಂಡಿಗೆ ಹಡ್ಸನ್ ವೃತ್ತದ ಪಾಲಿಕೆ ಕಚೇರಿಯವರೆಗೆ ಬರಬೇಕಾದ ವ್ಯವಸ್ಥೆ ಯಾರಿಗೂ ಸುಖವಾಗಿರಲಿಲ್ಲ. ಒಡೆದ ಮೇಲೆ ಐದೂ ಪಾಲಿಕೆಗಳು ತಾವೇ ಕೂತು ಮಾತಾಡಲು ಒಂದು ಜಾಗ ಬೇಕಲ್ಲ, ಅದನ್ನು ಹೇಗೆ ಕಟ್ಟಿದ್ದಾರೆ ಎಂಬುದು ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ. ವ್ರತದ ಮಧ್ಯೆ ಆಕ್ಷೇಪ ಎತ್ತಬಾರದು.

ಸಂಕಲ್ಪ

ಮನೆಯ ಪೂಜೆಯಲ್ಲಿ ಪುರೋಹಿತರು ದ್ವೀಪ, ಖಂಡ, ನದಿಯ ಯಾವ ದಡ ಎಂದೆಲ್ಲ ಹೇಳಿ ಯಜಮಾನ ಎಲ್ಲಿ ಕೂತಿದ್ದಾನೆಂಬುದನ್ನು ಸ್ಪಷ್ಟಪಡಿಸುತ್ತಾರೆ. ಈ ವ್ರತದಲ್ಲಿ ಅಷ್ಟು ಸುಲಭವಲ್ಲ. ಬೆಳ್ಳಂದೂರಿನ ಒಂದು ಮನೆಯನ್ನೇ ತೆಗೆದುಕೊಳ್ಳಿ. 2007ರ ಜನವರಿಗೆ ಮುಂಚೆ ಅದು ಗ್ರಾಮ ಪಂಚಾಯಿತಿಯ ಮನೆ. ಕಂಪ್ಯೂಟರ್ ತಂದು ತೆರಿಗೆ ಲೆಕ್ಕ ಇಟ್ಟು ಹೆಸರು ಮಾಡಿದ್ದ ಪಂಚಾಯಿತಿ ಅದು. ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಪಾಲಿಕೆಗೆ ಸೇರಿಸಿ ಬಿಬಿಎಂಪಿ ಮಾಡಿದಾಗ ಆ ಮನೆ ನಗರಕ್ಕೆ ಬಂತು. 2025ರಲ್ಲಿ ಪೂರ್ವ ಪಾಲಿಕೆಗೆ ಹೋಯಿತು. ಮನೆ ಮಾತ್ರ ಇದ್ದಲ್ಲೇ ಇದೆ.

ಆದ್ದರಿಂದ ಸಂಕಲ್ಪ ಮಾಡುವಾಗ ಯಜಮಾನರು ಹಳೆಯ ಸರ್ವೆ ನಂಬರು, ಖಾತೆ ಎ ಯೋ ಬಿ ಯೋ, ಇ-ಖಾತೆ ಬಂದಿದೆಯೋ ಬರುತ್ತಿದೆಯೋ, ಭೂ ಪರಿವರ್ತನೆ ಆಗಿದೆಯೋ ಎಂದು ಗೋತ್ರ ಹೇಳುವ ಜಾಗದಲ್ಲಿ ಹೇಳಿಕೊಳ್ಳಬೇಕು. ಪಂಚಾಯಿತಿ ಮೊಹರಿನ ರೆವಿನ್ಯೂ ಸೈಟಾಗಿದ್ದರೆ ಸ್ವರ ತಗ್ಗಿಸಿ ಹೇಳಿ. ಅಕ್ರಮ-ಸಕ್ರಮಕ್ಕೆ ಕಾಯುತ್ತಿರುವವರು 2017ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತಡೆಯಾಜ್ಞೆಯನ್ನೂ ಸ್ಮರಿಸಬೇಕು. ನಗರದ ಅಂಚಿನಲ್ಲಿ ಬಡಾವಣೆ ಮೊದಲು ಬಂದು, ರಸ್ತೆ ಆಮೇಲೆ ಬಂದು, ನೀರು ಎಲ್ಲಕ್ಕಿಂತ ಕೊನೆಗೆ ಬರುವುದು ಈ ಊರಿನ ಪದ್ಧತಿ. 2007ರಲ್ಲಿ ಸೇರಿಸಿಕೊಂಡ ಆ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ ಅಲ್ಲಿಯ ಜನ ನಗರದ ತೆರಿಗೆ ಕಟ್ಟಿ ಟ್ಯಾಂಕರ್ ನೀರು ಕುಡಿದರು.

ಉತ್ಖನನ

ಟಾರು ಹಾಕಿದ ಮೇಲೆ ಅಗೆಯಬೇಕು. ಹಾಕುವ ಮುನ್ನ ಅಗೆದರೆ ಫಲವಿಲ್ಲ. ಕ್ರಮ ಹೀಗಿದೆ: ನೀರಿನ ಕೊಳವೆಯವರು, ಒಳಚರಂಡಿಯವರು, ಕೇಬಲಿನವರು, ಗ್ಯಾಸಿನವರು. ಒಬ್ಬರು ಮುಚ್ಚಿದ ಮೇಲೆಯೇ ಇನ್ನೊಬ್ಬರು. ಪಾದಚಾರಿ ಮಾರ್ಗದಡಿ ಎಲ್ಲ ಕೊಳವೆ, ಕೇಬಲ್‌ಗಳಿಗೂ ಮೊದಲೇ ದಾರಿ ಬಿಟ್ಟು ಕಟ್ಟುವ ಟೆಂಡರ್‌ಶೂರ್ ರಸ್ತೆಗಳು ನಗರದ ಹೃದಯಭಾಗದಲ್ಲಿ ಹತ್ತು ವರ್ಷಗಳ ಹಿಂದೆಯೇ ಬಂದಿವೆ. ರೆಸಿಡೆನ್ಸಿ ರಸ್ತೆಯಲ್ಲಿ ನಡೆದು ನೋಡಿದವರಿಗೆ ಇದು ಮನುಷ್ಯರಿಂದ ಆಗದ ಕೆಲಸವಲ್ಲ ಎಂದು ಗೊತ್ತಾಗುತ್ತದೆ. ವ್ರತನಿಷ್ಠರು ಆ ಕಡೆ ಹೋಗದಿರುವುದು ಒಳ್ಳೆಯದು.

ಎರಡು ಪಾಲಿಕೆಗಳ ಗಡಿ ರಸ್ತೆಯ ನಡುವೆ ಹಾದುಹೋದರೆ ಎಡ ಬದಿಗೆ ಒಂದು ಗುತ್ತಿಗೆ, ಬಲ ಬದಿಗೆ ಒಂದು. ವಿಭಜಕದಲ್ಲಿ ಬೆಳೆದ ಗಿಡಕ್ಕೆ ನೀರು ಹಾಕುವ ವಿಷಯವನ್ನು ಮುಂದಿನ ಸಭೆಗೆ ಮುಂದೂಡಿ.

ಅಭಿಷೇಕ

ಇದು ವ್ರತದ ಪ್ರಧಾನ ಭಾಗ. ಬೆಳ್ಳಂದೂರು ಕೆರೆಯ ದಡದಲ್ಲಿ ನಡೆಯತಕ್ಕದ್ದು.

ಕೆರೆಯ ವಿಸ್ತಾರ ಸುಮಾರು 900 ಎಕರೆ. ನಗರದ ಮಧ್ಯದಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಹರಿದು ಬಂದದ್ದೆಲ್ಲ ಇಲ್ಲಿ ಸೇರಿ, ವರ್ತೂರು ಕೆರೆಗೆ ಹೋಗಿ, ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಈಗ ಪಾತ್ರ ಹಂಚಿಕೆ: ಕೆರೆ ಬಿಡಿಎ ವಶದಲ್ಲಿ. ಒಳಚರಂಡಿ ಮತ್ತು ಶುದ್ಧೀಕರಣ ಘಟಕ ಜಲಮಂಡಳಿಯದು. ಮಳೆನೀರಿನ ರಾಜಕಾಲುವೆ ಪಾಲಿಕೆಯದು. ಕಸಕ್ಕೆ ಇನ್ನೊಬ್ಬರು. ನೀರು ಕೆಟ್ಟಿದೆಯೇ ಎಂದು ನೋಡಿ ಪತ್ರ ಬರೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕರ್ತವ್ಯ. ಒಳಚರಂಡಿಯ ನೀರು ತನ್ನ ಕೊಳವೆ ಬಿಟ್ಟು ರಾಜಕಾಲುವೆಗೆ ಇಳಿದ ಕ್ಷಣ ಅದು ಜಲಮಂಡಳಿಯನ್ನು ತೊರೆದು ಪಾಲಿಕೆಗೆ ಸೇರುತ್ತದೆ. ಕಾಲುವೆಯಿಂದ ಕೆರೆಗೆ ಬಿದ್ದೊಡನೆ ಬಿಡಿಎ ಪಾಲಾಗುತ್ತದೆ. ಹೀಗೆ ಎಲ್ಲೂ ನಿಲ್ಲದೆ, ಯಾರದೂ ಆಗದೆ ಹರಿಯುವ ನೀರಿಗೆ ಮಾರ್ಜಕದ ರಾಸಾಯನಿಕ ಬೆರೆತು, ಕೋಡಿಯಲ್ಲಿ ಎತ್ತರದಿಂದ ಧುಮುಕಿದಾಗ ನೊರೆ ಏಳುತ್ತದೆ. 2015ರಲ್ಲಿ ಆ ನೊರೆ ರಸ್ತೆಗೆ ಹಾರಿ ದ್ವಿಚಕ್ರ ವಾಹನದವರ ಮೈಮೇಲೆ ಬಿತ್ತು. ಅಭಿಷೇಕವೆಂದರೆ ಇದೇ.

ಅಭಿಷೇಕದ ನಂತರ ಮಂಗಳಾರತಿ. 2017ರ ಫೆಬ್ರುವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಬಿದ್ದು, ಆರಿಸಲು ಸೇನೆಯ ಯೋಧರೇ ಬರಬೇಕಾಯಿತು. ಕೆರೆಗೆ ಬೆಂಕಿ ಬಿದ್ದರೆ ಯಾರು ಆರಿಸಬೇಕು ಎಂಬುದು ಯಾವ ಕಾಯ್ದೆಯ ಅನುಸೂಚಿಯಲ್ಲೂ ಇರಲಿಲ್ಲ. ನೀರಿಗೆ ಬೆಂಕಿ ಬೀಳುತ್ತದೆಂದು ಕರಡು ಬರೆದವರು ಊಹಿಸಿರಲಾರರು. ಹಸಿರು ನ್ಯಾಯಮಂಡಳಿ ಎಲ್ಲರನ್ನೂ ಒಂದೇ ಕಡೆ ನಿಲ್ಲಿಸಿ ಕೇಳಿತು. ಸಮನ್ವಯ ಸಭೆ ಮಾಡಬೇಕಾದ ಕೆಲಸವನ್ನು ನ್ಯಾಯಾಲಯ ಮಾಡಿದಾಗ ವ್ರತಭಂಗವಾಯಿತೆಂದು ತಿಳಿಯಬೇಕಾಗಿಲ್ಲ.

ದಾನ

ತಾನು ಬೇಡವೆಂದದ್ದನ್ನು ನೆರೆಯ ಪಂಚಾಯಿತಿಗೆ ಕೊಡುವುದು ದಾನ. ನಗರದಾಚೆಯ ಮಂಡೂರಿಗೆ ವರ್ಷಗಟ್ಟಲೆ ಲಾರಿಗಳಲ್ಲಿ ಕಸ ಕೊಟ್ಟರು. 2014ರಲ್ಲಿ ಊರವರು ರಸ್ತೆಗಿಳಿದು ಕೂತ ಮೇಲೆ, ಆ ವರ್ಷದ ಕೊನೆಗೆ ಲಾರಿಗಳು ನಿಂತವು. ದಾನ ಪಡೆಯುವವರನ್ನು ಮೊದಲೇ ಸಭೆಗೆ ಕರೆಯುವ ವಿಧಿ ಇರಲಿಲ್ಲ.

ಕೋಲಾರದ ಸಂಗತಿ ಸ್ವಲ್ಪ ಬೇರೆ. ಅದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್ ಕೊಟ್ಟು ಆ ಭಾಗದ 126 ಕೆರೆಗಳನ್ನು ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಹರಿಯುತ್ತಿದೆ. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಕೋಲಾರದವರು ನ್ಯಾಯಾಲಯದವರೆಗೂ ಹೋದರು. ಅವರು ಕೇಳುವುದು ನ್ಯಾಯವೇ. ಆದರೂ ಇಬ್ಬರೂ ಕೂತು ಯೋಚಿಸಿದರೆ ಒಂದೂರಿನ ಕೊಳಚೆ ಇನ್ನೊಂದೂರಿನ ಒಣ ಕೆರೆಗೆ ಇಳಿದು ಅಂತರ್ಜಲವಾಗಬಹುದು ಎಂಬುದಕ್ಕೆ ಸುತ್ತಮುತ್ತ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಂಡಿಲ್ಲ.

ವಾಸ್ತು

ಮಹಾಯೋಜನೆಯನ್ನು ಪಠಿಸಿ. 2007ರಲ್ಲಿ ಒಪ್ಪಿಗೆಯಾದ ‘ಪರಿಷ್ಕೃತ ಮಹಾಯೋಜನೆ 2015’ ಹೆಸರೇ ಹೇಳುವಂತೆ 2015ಕ್ಕೆ ಮುಗಿಯಬೇಕಿತ್ತು. 2031ರ ಕರಡು 2017ರಲ್ಲಿ ಬಂದು 2020ರಲ್ಲಿ ವಾಪಸಾಯಿತು. ಹಳೆಯದನ್ನೇ ಪಠಿಸುತ್ತ ಬಂದೆವು. ಈಗ ಯೋಜನಾಧಿಕಾರ ಬಿಡಿಎಯಿಂದ ಜಿಬಿಎಗೆ ಹೋಗಿದೆ. ಪಠಿಸುವವರು ಬದಲಾದರು, ಅಷ್ಟೇ.

ಖಾಲಿ ಮಣೆ

ಪ್ರತಿ ಸಭೆಯಲ್ಲೂ ಒಂದು ಮಣೆ ಖಾಲಿ ಬಿಡತಕ್ಕದ್ದು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ 243ಜೆಡ್‌ಇ ವಿಧಿ ಒಂದು ಮಾತು ಹೇಳಿತು: ಜನಸಂಖ್ಯೆ ಹತ್ತು ಲಕ್ಷ ದಾಟಿದ ಮಹಾನಗರ ಪ್ರದೇಶಕ್ಕೆ ಮಹಾನಗರ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿಯನ್ನು ಆ ಪ್ರದೇಶದ ನಗರಸಭೆ-ಪಾಲಿಕೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿನಿಂದಲೇ ಆರಿಸಿಕೊಳ್ಳಬೇಕು. ನೀರು, ರಸ್ತೆ, ಪರಿಸರ ಯಾವುದೂ ಒಂದೇ ಸಂಸ್ಥೆಯ ಗಡಿಯಲ್ಲಿ ನಿಲ್ಲುವುದಿಲ್ಲವೆಂದು ಗೊತ್ತಿದ್ದವರು ಬರೆದ ವಿಧಿ ಅದು. ಮಂಡೂರಿನ ಅಧ್ಯಕ್ಷರೂ ಮೇಯರೂ ಒಂದೇ ಮೇಜಿಗೆ ಬರಬಹುದಾಗಿದ್ದ ಜಾಗ. ಬೆಂಗಳೂರಿಗೆ ಅಂಥ ಸಮಿತಿ ಕಾಗದದ ಮೇಲೆ ಬಂದದ್ದು 2014ರಲ್ಲಿ. ನಗರದ ಒಂದು ನಿರ್ಧಾರವೂ ಅಲ್ಲಿ ಆದದ್ದು ಯಾರ ನೆನಪಿನಲ್ಲೂ ಇಲ್ಲ.

ಮಣೆ ಖಾಲಿ ಉಳಿಯಲು ಇನ್ನೊಂದು ಕಾರಣ, ಕೂರಬೇಕಾದವರೇ ಇರಲಿಲ್ಲ. ಬಿಬಿಎಂಪಿಯ ಕೊನೆಯ ಚುನಾವಣೆ 2015ರ ಆಗಸ್ಟ್‌ನಲ್ಲಿ ನಡೆಯಿತು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಕಳೆದು ಐದು ಪಾಲಿಕೆಗಳು ಹುಟ್ಟಿದ ದಿನ ಯಾವುದರಲ್ಲೂ ಒಬ್ಬ ಚುನಾಯಿತ ಸದಸ್ಯನಿರಲಿಲ್ಲ. ಜಿಬಿಎಯಲ್ಲಿ ಮೇಯರುಗಳಿಗೂ ಸ್ಥಾನವಿದೆ. ಮಂತ್ರಿಗಳು, ಶಾಸಕರು, ಸಂಸದರು, ಇಲಾಖಾ ಮುಖ್ಯಸ್ಥರು ತುಂಬಿದ ಆ ಕೋಣೆಯಲ್ಲಿ ಅವರ ದನಿ ಎಷ್ಟು ಕೇಳೀತು ಎಂಬುದನ್ನು ನೀವೇ ಊಹಿಸಿ. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿಯೂ 2021ರಲ್ಲೇ ಮುಗಿದು, ಅಲ್ಲೂ ಆಡಳಿತಾಧಿಕಾರಿಗಳೇ ಬಂದು ಕೂತರು. ಮತ ಕೇಳಲು ಬರಬೇಕಾದವನಿಗೆ ಮಾತ್ರ ಪಕ್ಕದೂರಿನ ಪ್ರತಿನಿಧಿಯ ಜೊತೆ ರಾಜಿಯಾಗುವ ಗರಜಿರುತ್ತದೆ. ವರ್ಗಾವಣೆಯಾಗುವವರಿಗೆ ಆ ಗರಜಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು.

ವ್ರತಕಥೆ

ಪೂರ್ವದಲ್ಲಿ ಬೆಂಗಳೂರೆಂಬ ಊರಿನಲ್ಲಿ ಎರಡು ಊರುಗಳಿದ್ದವು. ಪೇಟೆಯ ಕಡೆಗೆ ಮೈಸೂರು ಅರಸರ ಪುರಸಭೆ, ದಂಡಿನ ಕಡೆಗೆ ಬ್ರಿಟಿಷರದು, ನಡುವೆ ಕಬ್ಬನ್ ಪಾರ್ಕು. 1898ರಲ್ಲಿ ಪ್ಲೇಗು ಬಂತು. ಇಲಿಗಳು ಗಡಿ ನೋಡಲಿಲ್ಲ. ಈಚೆಯವರು ಬಸವನಗುಡಿ, ಮಲ್ಲೇಶ್ವರ ಕಟ್ಟಿದರು. ಆಚೆಯವರು ಕೆಲವು ವರ್ಷ ಕಳೆದು ಫ್ರೇಜರ್ ಟೌನ್ ಕಟ್ಟಿದರು. ಹೆಸರಘಟ್ಟದ ನೀರು, 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ನೀರು ಎರಡೂ ಕಡೆಗೆ ಹರಿಯಿತು. ಎರಡು ಬೇರೆ ಬೇರೆ ಸರ್ಕಾರಗಳ ಕೈಕೆಳಗಿದ್ದ ಊರುಗಳು ಒಂದೇ ಜಲಾಶಯದಿಂದ ಕುಡಿದವು. 1949ರಲ್ಲಿ ಎರಡನ್ನೂ ಕೂಡಿಸಿ ಕಾರ್ಪೊರೇಷನ್ ಮಾಡಿದರು. ಗಡಿಯಿದ್ದ ಕಾಲದಲ್ಲೂ ನೀರು ಹಂಚಿಕೊಂಡ ಊರು ಇದು.

ಫಲಶ್ರುತಿ

ಈ ವ್ರತವನ್ನು ಶ್ರದ್ಧೆಯಿಂದ ಆಚರಿಸಿದವರಿಗೆ ಮುಂದಿನ ಸಭೆಯ ದಿನಾಂಕ ತಪ್ಪದೆ ಲಭಿಸುತ್ತದೆ. ಅಧಿಕಾರಿಗಳಿಗೆ ನಡಾವಳಿ, ಗುತ್ತಿಗೆದಾರರಿಗೆ ಬಿಲ್ಲು, ಮಂತ್ರಿಗಳಿಗೆ ಪತ್ರಿಕೆಯಲ್ಲಿ ಫೋಟೊ ಪ್ರಾಪ್ತಿ.

ನಾಗರಿಕರಿಗೆ ಫಲ ಬೇಕಿದ್ದರೆ ವಿಧಿ ಬೇರೆ. ಮುಂದಿನ ಮಹಾಯೋಜನೆಯ ಕರಡು ಸಾರ್ವಜನಿಕರ ಆಕ್ಷೇಪಣೆಗೆ ಬಂದಾಗ ನಿಮ್ಮ ಬೀದಿಯ ಹೆಸರು ಹುಡುಕಿ ಸುಮ್ಮನಾಗಬೇಡಿ. ಪಕ್ಕದ ಪಾಲಿಕೆಯಲ್ಲಿ, ಆಚೆಯ ಪಂಚಾಯಿತಿಯಲ್ಲಿ ಏನು ಬರೆದಿದ್ದಾರೆ ನೋಡಿ. ಈ ಕರಡನ್ನು 243ಜೆಡ್‌ಇ ಸಮಿತಿ ನೋಡಿದೆಯೇ, ಅದರಲ್ಲಿ ಚುನಾಯಿತರು ಮೂರನೇ ಎರಡರಷ್ಟು ಇದ್ದರೇ ಎಂದು ಕೇಳಿ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.