ಮ್ಯಾಂಚೆಸ್ಟರ್ ಯುನೈಟೆಡ್ ಮಾಲೀಕರಿಗೆ ಚೌತಿಯ ಮರುದಿನದ ಅರ್ಜಿ

28 ಆಗಸ್ಟ್ 2025, ಬೆಂಗಳೂರು

ಇವರಿಂದ: ನಿದ್ದೆಗೆಟ್ಟ ಒಬ್ಬ ಅಭಿಮಾನಿ
ಇವರಿಗೆ: ಗ್ಲೇಜರ್ ಕುಟುಂಬದವರು ಮತ್ತು ಸರ್ ಜಿಮ್ ರ‍್ಯಾಟ್‌ಕ್ಲಿಫ್ ಅವರು, ಓಲ್ಡ್ ಟ್ರಾಫರ್ಡ್, ಮ್ಯಾಂಚೆಸ್ಟರ್

ವಿಷಯ: ಗ್ರಿಮ್ಸ್‌ಬಿ ಟೌನ್ ಎದುರಿನ ಸೋಲಿಗಾಗಿ ತಮ್ಮನ್ನು ಅಭಿನಂದಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಿನ್ನೆ ನಮ್ಮಲ್ಲಿ ಗಣೇಶ ಚೌತಿ. ಚೌತಿಯ ರಾತ್ರಿ ಚಂದ್ರನನ್ನು ನೋಡಿದವರು ಮಾಡದ ತಪ್ಪಿಗೆ ಅಪವಾದ ಹೊರಬೇಕಾಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇದೆ. ಶಮಂತಕ ಮಣಿ ಕದ್ದ ಅಂತ ಕೃಷ್ಣನಂಥ ಕೃಷ್ಣನೇ ಅನ್ನಿಸಿಕೊಳ್ಳಬೇಕಾಯಿತು. ಹಾಗಾಗಿ ನಾನು ತಲೆ ತಗ್ಗಿಸಿಕೊಂಡೇ ಮನೆ ಸೇರಿ, ಕಿಟಕಿಯ ಪರದೆ ಎಳೆದು, ಹೊಟ್ಟೆ ತುಂಬ ಕಡುಬು ತಿಂದು, ರಾತ್ರಿ ಹನ್ನೆರಡೂವರೆಗೆ ತಮ್ಮ ಲೀಗ್ ಕಪ್ ಪಂದ್ಯ ಹಾಕಿಕೊಂಡು ಕೂತೆ. ಚಂದ್ರನನ್ನು ನೋಡಲೇ ಇಲ್ಲ. ಆದರೂ ಬೆಳಿಗ್ಗೆ ಆಫೀಸಿನಲ್ಲಿ ಕಾಲಿಡುತ್ತಿದ್ದಂತೆ, "ಏನ್ ಸಾರ್, ನಿಮ್ಮೋರು ಯಾವುದೋ ನಾಲ್ಕನೇ ಡಿವಿಷನ್‌ನವರ ಹತ್ರ ಸೋತ್ರಂತೆ?" ಅಂತ ಕೇಳಿದರು. ನಾನು ಪೆನಾಲ್ಟಿ ಹೊಡೆದಿರಲಿಲ್ಲ, ಕಾರ್ನರ್ ಬಿಟ್ಟಿರಲಿಲ್ಲ. ಅಪವಾದ ಮಾತ್ರ ನನಗೇ ಬಂತು.

ಮೊದಲು ಅಭಿನಂದನೆ ಮುಗಿಸಿಬಿಡುತ್ತೇನೆ. 1878ರಲ್ಲಿ ಹುಟ್ಟಿದ ತಮ್ಮ ಕ್ಲಬ್ ಲೀಗ್ ಕಪ್‌ನಲ್ಲಿ ನಾಲ್ಕನೇ ದರ್ಜೆಯ ತಂಡಕ್ಕೆ ಸೋತದ್ದು ಇದೇ ಮೊದಲು. ಗ್ರಿಮ್ಸ್‌ಬಿ ಅಂದರೆ ಮೀನುಗಾರಿಕೆಯ ಊರು. ಅವರ ಮೈದಾನ ಆ ಊರಿನಲ್ಲೂ ಇಲ್ಲ, ಪಕ್ಕದ ಕ್ಲೀಥಾರ್ಪ್ಸ್‌ನಲ್ಲಿದೆ. ಅಲ್ಲಿನ ಜನ ಗಾಳಿ ತುಂಬಿದ ಪ್ಲಾಸ್ಟಿಕ್ ಮೀನುಗಳನ್ನು ಎತ್ತಿ ಹಿಡಿದು ಕುಣಿಯುತ್ತಾರೆ. ಅಂಥ ಮೀನುಗಳ ಎದುರು ಅರ್ಧ ಗಂಟೆಯಲ್ಲಿ ತಾವು ಎರಡು ಗೋಲು ಹಿಂದೆ ಬಿದ್ದಿರಿ. ಎರಡನೆಯದಕ್ಕೆ ತಮ್ಮ ಗೋಲ್ ಕೀಪರ್ ಒನಾನಾ ಚೆಂಡಿನ ಬದಲು ಗಾಳಿಯನ್ನು ಗುದ್ದಿದರು. ಕೊನೆಯ ಹೊತ್ತಿಗೆ ಎಂಬೂಮೊ, ಮಗ್ವಾಯರ್ ಸೇರಿ ಹೇಗೋ ಎರಡೆರಡು ಮಾಡಿದರು. ಆಮೇಲೆ ಪೆನಾಲ್ಟಿ. ಅದೂ ಐದೈದಕ್ಕೆ ಮುಗಿಯಲಿಲ್ಲ, ಒಟ್ಟು ಇಪ್ಪತ್ತಾರು ಹೊಡೆತ. ಐದನೆಯದನ್ನು ಒಳಗೆ ಹಾಕಿದ್ದರೆ ಪಂದ್ಯ ಅಲ್ಲಿಗೇ ತಮ್ಮದಾಗುತ್ತಿತ್ತು. ಕೂನ್ಯಾ ಹೊಡೆದದ್ದನ್ನು ಅವರ ಕೀಪರ್ ತಡೆದ. ಗೋಲು ಹೊಡೆಯುವುದಕ್ಕೆಂದೇ ತಂದ ಶೆಸ್ಕೊ ಪೆನಾಲ್ಟಿಗೆ ಬಂದದ್ದು ಹತ್ತನೆಯವರಾಗಿ. ಕೊನೆಗೆ ಎಂಬೂಮೊ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿಯಿತು. 12–11. ನಮ್ಮ ಬೀದಿಯ ನಾಯಿಗಳೂ ಮಲಗಿದ್ದ ಹೊತ್ತು ಅದು.

ಈ ಮೂವರನ್ನು, ಅಂದರೆ ಕೂನ್ಯಾ, ಎಂಬೂಮೊ, ಶೆಸ್ಕೊ ಅವರನ್ನು, ತಾವು ಈ ಬೇಸಿಗೆಯಲ್ಲಷ್ಟೇ ಕೊಂಡದ್ದು. ಮೂವರ ಬೆಲೆ ಸೇರಿ ಸುಮಾರು 20 ಕೋಟಿ ಪೌಂಡ್. ರೂಪಾಯಿ ಲೆಕ್ಕದಲ್ಲಿ ಎರಡು ಸಾವಿರ ಕೋಟಿಗೂ ಮೀರಿತು. ಆಟಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಇನ್ನೂ ಹೊಸಬರು, ಮನೆಯ ಬಾಗಿಲು ಎಲ್ಲಿದೆ ಅಂತ ಗೊತ್ತಾಗುವುದಕ್ಕೇ ಸ್ವಲ್ಪ ದಿನ ಬೇಕು.

ಕೋಚ್ ಆಮೊರಿಮ್ ಅವರದ್ದು ಬೇರೆ ವಿಷಯ. ಮಳೆಯಲ್ಲಿ ಡಗ್‌ಔಟ್‌ನಲ್ಲಿ ಕೂತು, ತೊಡೆಯ ಮೇಲೆ ಪುಟ್ಟ ಹಲಗೆ ಇಟ್ಟುಕೊಂಡು, ಆಯಸ್ಕಾಂತದ ಬಿಲ್ಲೆಗಳನ್ನು ಅತ್ತಿಂದಿತ್ತ ಸರಿಸುತ್ತಿದ್ದರು. ಟೀವಿ ಕ್ಯಾಮೆರಾ ಮತ್ತೆಮತ್ತೆ ಅಲ್ಲಿಗೇ ಹೋಗುತ್ತಿತ್ತು. ಇಡೀ ಸಂಜೆ ಅವರು ಹೇಳಿದಂತೆ ಕೇಳಿದ್ದು ಆ ಬಿಲ್ಲೆಗಳು ಮಾತ್ರ. ಮೂರು–ನಾಲ್ಕು–ಮೂರು ಅನ್ನುವ ತಮ್ಮ ವ್ಯೂಹವನ್ನು ಅವರು ಯಾವ ಕಾರಣಕ್ಕೂ ಬಿಟ್ಟವರಲ್ಲ. ಆಡುವವರಿಗೆ ಅದು ಹೊಂದದಿದ್ದರೆ ಆಡುವವರನ್ನೇ ಬದಲಿಸಬೇಕು, ವ್ಯೂಹವನ್ನಲ್ಲ. ಪಂದ್ಯ ಮುಗಿದ ಮೇಲೆ ಅವರು ಒಪ್ಪಿಕೊಂಡದ್ದು ಮಾತ್ರ ಪ್ರಾಮಾಣಿಕ ಮಾತು: ಚೆನ್ನಾಗಿ ಆಡಿದವರೇ ಗೆದ್ದರು ಅಂದರು. ಹೋದ ಜನವರಿಯಲ್ಲಿ ಬ್ರೈಟನ್ ಎದುರು ಸೋತಾಗಲೂ, ಕ್ಲಬ್ಬಿನ ಇತಿಹಾಸದಲ್ಲೇ ಪ್ರಾಯಶಃ ಇದೇ ಅತ್ಯಂತ ಕೆಟ್ಟ ತಂಡ ಅಂದಿದ್ದರು. ರೋಗ ಇಷ್ಟು ಸ್ಪಷ್ಟವಾಗಿ ಹೇಳುವ ವೈದ್ಯರು ಸಿಗುವುದು ಅಪರೂಪ. ಔಷಧಿಯೊಂದು ಬಾಕಿ.

ತಾಳ್ಮೆ ಇಲ್ಲದವನು ಅಂತ ನನ್ನನ್ನು ತಳ್ಳಿಹಾಕಬೇಡಿ. ಆರ್‌ಸಿಬಿಯ ಊರಿನವನು ನಾನು. "ಈ ಸಲ ಕಪ್ ನಮ್ದೇ" ಅಂತ ಹದಿನೇಳು ಸಲ ಹೇಳಿ, ಹದಿನೆಂಟನೇ ಸಲಕ್ಕೆ, ಈ ಜೂನ್ 3ರಂದು, ಕಪ್ ಕಂಡವರು ನಾವು. (ಮರುದಿನ ಸ್ಟೇಡಿಯಂ ಹೊರಗೆ ಆದ ಕಾಲ್ತುಳಿತದ ಬಗ್ಗೆ ಇಲ್ಲಿ ಬರೆಯುವ ಮನಸ್ಸಿಲ್ಲ. ಅಭಿಮಾನಿಯನ್ನು ಲೆಕ್ಕಕ್ಕಿಡದವರು ಎಲ್ಲ ಆಟದಲ್ಲೂ ಇದ್ದಾರೆ.) ಕಾಯುವ ವಿದ್ಯೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆರ್‌ಸಿಬಿ ಏರುವ ದಾರಿಯಲ್ಲಿ ಎಡವುತ್ತಿತ್ತು. ತಾವು ಶಿಖರದಿಂದ ಇಳಿಯುತ್ತಿದ್ದೀರಿ, ಅದೂ ದುಡ್ಡು ಕೊಟ್ಟು. 1999ರ ಮೇ 26ರ ರಾತ್ರಿ ಬಾರ್ಸಿಲೋನಾದಲ್ಲಿ ಇಂಜುರಿ ಸಮಯದ ಎರಡು ಮೂರು ನಿಮಿಷದಲ್ಲಿ ಶೆರಿಂಗಮ್, ಸೋಲ್‌ಶಾರ್ ಎರಡು ಗೋಲು ಹೊಡೆದು ಬಯರ್ನ್ ಕೈಯಿಂದ ಕಪ್ ಕಿತ್ತುಕೊಂಡರಲ್ಲ, ಆವತ್ತು ತಮ್ಮ ಬಲೆಗೆ ಬಿದ್ದ ಕನ್ನಡಿಗರು ಎಷ್ಟೋ ಜನ. ಆಮೇಲೆ 2013ರವರೆಗೂ ಕೋಚ್ ಅಲೆಕ್ಸ್ ಫರ್ಗ್ಯೂಸನ್ ನಮ್ಮನ್ನು ಹಾಳು ಮಾಡಿದರು. ಇಪ್ಪತ್ತಾರು ವರ್ಷದಲ್ಲಿ ಹದಿಮೂರು ಲೀಗ್ ಪ್ರಶಸ್ತಿ! ಗೆಲ್ಲುವುದೇ ಸಹಜ ಅಂತ ನಂಬಿಸಿ ಅವರು ನಿವೃತ್ತರಾದರು. ಅಂದಿನಿಂದ ಇಂದಿನವರೆಗೆ ಲೀಗ್ ಪ್ರಶಸ್ತಿ ಒಂದೂ ಇಲ್ಲ. ಮಧ್ಯೆ ಎಫ್‌ಎ ಕಪ್, ಯೂರೋಪಾ ಲೀಗ್ ಬಂದದ್ದುಂಟು, ಇಲ್ಲ ಅನ್ನುವುದಿಲ್ಲ.

ಈಗ ಹಣಕಾಸು. ಗ್ಲೇಜರ್ ಸಾಹೇಬರೇ, 2005ರಲ್ಲಿ ತಾವು ಕ್ಲಬ್ ಕೊಂಡ ಬಗೆ ನಮ್ಮ ಊರಿನ ಭೂಮಿ ದಲ್ಲಾಳಿಗಳಿಗೂ ಹೊಳೆದಿರಲಿಲ್ಲ. ಮನೆ ಕೊಳ್ಳುವುದಕ್ಕೆ ಅದೇ ಮನೆಯ ಪತ್ರ ಅಡ ಇಟ್ಟು ಸಾಲ ತರುವುದು, ಆಮೇಲೆ ಬಡ್ಡಿಯನ್ನು ಆ ಮನೆಯ ಬಾಡಿಗೆಯಿಂದಲೇ ಕಟ್ಟುತ್ತಾ ಹೋಗುವುದು. ಸಾಲವೇ ಇಲ್ಲದಿದ್ದ ಕ್ಲಬ್ ರಾತ್ರೋರಾತ್ರಿ ಸಾಲಗಾರನಾಯಿತು. ಇಪ್ಪತ್ತು ವರ್ಷವಾದರೂ ಸಾಲ ತೀರಿಲ್ಲ. ಈ ಜಾಣತನಕ್ಕೆ ಪ್ರಶಸ್ತಿ ಇದ್ದಿದ್ದರೆ ಅದಾದರೂ ಟ್ರೋಫಿ ಕಪಾಟಿಗೆ ಬರುತ್ತಿತ್ತು.

ಸರ್ ಜಿಮ್, ತಾವು 2024ರ ಫೆಬ್ರವರಿಯಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲು ಕೊಂಡು ಆಟದ ಉಸ್ತುವಾರಿ ಕೈಗೆ ತೆಗೆದುಕೊಂಡಾಗ ನಾವು ಸಿಹಿ ಹಂಚಿದ್ದೆವು. ರಾಸಾಯನಿಕದ ದೊಡ್ಡ ಉದ್ಯಮಿ, ಊರಿನ ಕಡೆಯವರು, ಬಾಲ್ಯದಿಂದಲೂ ಯುನೈಟೆಡ್ ಅಭಿಮಾನಿ ಅಂದರು. ತಾವು ಬಂದು ಮೊದಲು ಮಾಡಿದ್ದು ಖರ್ಚಿನ ಪುಸ್ತಕ ತೆರೆದದ್ದು. ಒಳ್ಳೆಯದೇ. ಸುಮಾರು 250 ಜನರ ಕೆಲಸ ಹೋಯಿತು. ಈ ವರ್ಷ ಫೆಬ್ರವರಿಯಲ್ಲಿ ಇನ್ನೂ ಇನ್ನೂರರವರೆಗೆ ಅಂದಿರಿ. ಓಲ್ಡ್ ಟ್ರಾಫರ್ಡ್‌ನ ನೌಕರರ ಕ್ಯಾಂಟೀನ್ ಮುಚ್ಚಿ, ಊಟದ ಬದಲು ಹಣ್ಣು ಇಟ್ಟಿರಿ. ಕ್ಯಾರಿಂಗ್ಟನ್ ತರಬೇತಿ ಕೇಂದ್ರದ ನೌಕರರಿಗೆ ಸೂಪು, ಬ್ರೆಡ್ಡು. ಆಟಗಾರರ ತಟ್ಟೆಗೆ ಮಾತ್ರ ಕೈ ಹಾಕಲಿಲ್ಲ, ಅವರು ಗೆದ್ದುಕೊಡುತ್ತಾರಲ್ಲ. ಫರ್ಗ್ಯೂಸನ್ ಅವರಿಗಿದ್ದ ಕ್ಲಬ್ ರಾಯಭಾರಿಯ ಸಂಭಾವನೆಯನ್ನೂ ನಿಲ್ಲಿಸಿದಿರಿ. ಹೋದ ಋತುವಿನ ಮಧ್ಯದಲ್ಲಿ ಸದಸ್ಯರ ಟಿಕೆಟ್ಟಿಗೆ 66 ಪೌಂಡ್ ಮಾಡಿ, ಮಕ್ಕಳಿಗೂ ಪಿಂಚಣಿದಾರರಿಗೂ ಒಂದೇ ದರ ಅಂದಿರಿ. ಅದಕ್ಕೆ ಮುಂಚೆ ಮಗುವಿಗೆ 25 ಪೌಂಡಿಗೆ ಟಿಕೆಟ್ ಸಿಗುತ್ತಿತ್ತು. ಅರ್ಧ ಟಿಕೆಟ್ ಅನ್ನುವುದು ನಮ್ಮ ಕೆಂಪು ಬಸ್ಸಿನಲ್ಲೂ ಇದೆ, ಸ್ವಾಮಿ.

ಅದೇ ಪುಸ್ತಕದ ಎದುರಿನ ಪುಟ ನೋಡೋಣ. 2024ರ ಜುಲೈನಲ್ಲಿ ಆಗಿನ ಕೋಚ್ ಟೆನ್ ಹಾಗ್ ಅವರ ಒಪ್ಪಂದ ವಿಸ್ತರಿಸಿದಿರಿ. ಅಕ್ಟೋಬರಿನಲ್ಲಿ ಕಳಿಸಿದಿರಿ. ಡ್ಯಾನ್ ಆಶ್ವರ್ತ್ ಅವರನ್ನು ಕ್ರೀಡಾ ನಿರ್ದೇಶಕರನ್ನಾಗಿ ತರುವುದಕ್ಕೆ ತಿಂಗಳುಗಟ್ಟಲೆ ನ್ಯೂಕಾಸಲ್ ಜೊತೆ ಹಗ್ಗಜಗ್ಗಾಟ ನಡೆಸಿದಿರಿ. ಅವರು ಜುಲೈನಲ್ಲಿ ಬಂದರು, ಡಿಸೆಂಬರಿನಲ್ಲಿ ಹೋದರು. ಟೆನ್ ಹಾಗ್, ಅವರ ಸಹಾಯಕರು, ಆಶ್ವರ್ತ್, ಇಷ್ಟು ಜನರನ್ನು ಮನೆಗೆ ಕಳಿಸಿದ ಖರ್ಚು 1.45 ಕೋಟಿ ಪೌಂಡ್ ಅಂತ ಕ್ಲಬ್ಬಿನ ಲೆಕ್ಕಪತ್ರವೇ ಹೇಳುತ್ತದೆ. ನೂರೈವತ್ತು ಕೋಟಿ ರೂಪಾಯಿಗೂ ಹೆಚ್ಚು. ಆಮೊರಿಮ್ ಅವರನ್ನು ಲಿಸ್ಬನ್ನಿನಿಂದ ಬಿಡಿಸಿ ತಂದದ್ದು ಬೇರೆ ಬಾಬ್ತು. 2022ರಲ್ಲಿ ಆಟಗಾರ ಆಂಟನಿ ಅವರಿಗಾಗಿ ಕೊಟ್ಟ ಎಂಟು ಕೋಟಿ ಪೌಂಡಿನ ಮಾತೆತ್ತುವುದಿಲ್ಲ. ಅದು ಹಳೆಯ ಆಡಳಿತದ ಪಾಪ, ತಮ್ಮ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಸೂಪಿಗೆ ಬ್ರೆಡ್ಡು ಎಷ್ಟು ಅಂತ ಎಣಿಸುವ ಕೈಯೇ ಈ ಚೆಕ್ಕುಗಳಿಗೂ ಸಹಿ ಹಾಕಿತಲ್ಲ, ಅದು ನನಗೆ ಅರ್ಥವಾಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮಲ್ಲಿ ಗಾದೆ ಇದೆ. ತಾವು ಆನೆಯನ್ನೂ ಕೊಟ್ಟಿರಿ, ಅಡಿಕೆಯನ್ನೂ ಉಳಿಸಿದಿರಿ, ಮಾನದ ಲೆಕ್ಕ ಮಾತ್ರ ತಾಳೆಯಾಗಲಿಲ್ಲ.

ಇನ್ನು ಸ್ಕಾಟ್ ಮ್ಯಾಕ್‌ಟಾಮಿನೆ. ಚಿಕ್ಕಂದಿನಿಂದ ತಮ್ಮಲ್ಲೇ ಬೆಳೆದ ಹುಡುಗ. ಹಿತ್ತಲ ಗಿಡ ಮದ್ದಲ್ಲ ಅಂತ ಎರಡೂವರೆ ಕೋಟಿ ಪೌಂಡಿಗೆ ನಾಪೊಲಿಗೆ ಮಾರಿದಿರಿ. ಆತ ಅಲ್ಲಿ ಮೊದಲ ವರ್ಷವೇ ಇಟಲಿಯ ಲೀಗ್ ಗೆದ್ದು, ಇಡೀ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಈ ಮೇ 23ರಂದು ಪ್ರಶಸ್ತಿ ಖಾತ್ರಿಯಾದ ಪಂದ್ಯದಲ್ಲಿ ನಾಪೊಲಿ ಎರಡು ಗೋಲು ಹೊಡೆಯಿತು. ಒಂದು ಮ್ಯಾಕ್‌ಟಾಮಿನೆಯದು, ಗಾಳಿಯಲ್ಲಿ ಕಾಲು ಕತ್ತರಿಯಾಡಿಸಿ ಹೊಡೆದದ್ದು. ಇನ್ನೊಂದು ಲುಕಾಕು ಅವರದು. ಅವರೂ ತಾವು ಹಿಂದೆ ಮಾರಿದವರೇ. ನಿನ್ನೆ ಗ್ರಿಮ್ಸ್‌ಬಿಯ ಎರಡನೇ ಗೋಲು ಹೊಡೆದ ಟೈರೆಲ್ ವಾರನ್ ಕೂಡ ತಮ್ಮ ಅಕಾಡೆಮಿಯಲ್ಲಿ ಕಲಿತವನಂತೆ. ಯುನೈಟೆಡ್‌ನ ಹುಡುಗರು ಗೋಲು ಹೊಡೆಯುವುದಿಲ್ಲ ಅಂತ ಯಾರು ಹೇಳಿದ್ದು? ಹೊರಗೆ ಹೋದ ಮೇಲೆ ಹೊಡೆಯುತ್ತಾರೆ.

ನಾಪೊಲಿ ಗೆದ್ದ ಅದೇ ವಾರ ತಾವು ಎಲ್ಲಿದ್ದಿರಿ? ಮೇ 21ಕ್ಕೆ ಬಿಲ್ಬಾವೊದಲ್ಲಿ, ಯೂರೋಪಾ ಲೀಗ್ ಫೈನಲ್. ಎದುರಿಗೆ ಟಾಟನಮ್. ಲೀಗಿನಲ್ಲಿ ಅವರು ಹದಿನೇಳನೆಯವರಾಗಿ ಮುಗಿಸಿದರು, ತಾವು ಹದಿನೈದನೆಯವರಾಗಿ. ಅಂಥವರ ಎದುರು ಒಂದು ಗೋಲಿನಿಂದ ಸೋತಿರಿ. ಒಂದೇ ಋತುವಿನಲ್ಲಿ ನಾಲ್ಕಕ್ಕೆ ನಾಲ್ಕೂ ಪಂದ್ಯ ಅವರಿಗೇ. ಲೀಗಿನಲ್ಲಿ ಮೂವತ್ತೆಂಟು ಪಂದ್ಯದಲ್ಲಿ ಹದಿನೆಂಟು ಸೋಲು, ಬರೀ 42 ಅಂಕ. ಕೆಳದರ್ಜೆಗೆ ಬಿದ್ದ 1973–74ರ ನಂತರ ಇಷ್ಟು ಹೀನಾಯ ವರ್ಷ ಕಂಡಿರಲಿಲ್ಲ. ಬಿಲ್ಬಾವೊದಿಂದ ವಾರಕ್ಕೆ ಸರಿಯಾಗಿ ಕೌಲಾಲಂಪುರದಲ್ಲಿ ಆಗ್ನೇಯ ಏಷ್ಯಾದ ಆಯ್ದ ಆಟಗಾರರ ತಂಡಕ್ಕೂ ಸೋತಿರಿ. ದುಡ್ಡು ಕೊಟ್ಟು ಬಂದಿದ್ದ ಅಲ್ಲಿನ ಅಭಿಮಾನಿಗಳು ಕೂಗಿ ಬೈದರು. ಏಷ್ಯಾದವರು ಸೌಮ್ಯರು ಅನ್ನುವ ಹಳೆಯ ಅಭಿಪ್ರಾಯವನ್ನು ಹೀಗೆ ಅಳಿಸಿಹಾಕಿದ್ದಕ್ಕೂ ಧನ್ಯವಾದ.

ಮನೆಯ ಸೂರಿನ ಬಗ್ಗೆ ಒಂದು ಮಾತು. ಹೋದ ವರ್ಷ ಮೇನಲ್ಲಿ ಆರ್ಸೆನಲ್ ಪಂದ್ಯದ ದಿನ ಮಳೆ ಬಂದು ಓಲ್ಡ್ ಟ್ರಾಫರ್ಡ್ ಛಾವಣಿಯಿಂದ ಪ್ರೇಕ್ಷಕರ ಮೇಲೆ ಜೋಗ ಸುರಿಯಿತು. ಡಿಸೆಂಬರಿನಲ್ಲಿ ಇಲಿಗಳ ಸುದ್ದಿ ಬಂತು, ಅಡುಗೆಯ ಶುಚಿತ್ವಕ್ಕೆ ಐದರಲ್ಲಿ ಎರಡು ಅಂಕ. ಬಹುಶಃ ಅದಕ್ಕೇ ಕ್ಯಾಂಟೀನ್ ಮುಚ್ಚಿದಿರೇನೋ, ತಮ್ಮ ದೂರದೃಷ್ಟಿ ನಮಗೆ ತಿಳಿಯದೆ ಹೋಯಿತು. ಈ ಮಾರ್ಚಿನಲ್ಲಿ ಹೊಸ ಮೈದಾನದ ಚಿತ್ರ ತೋರಿಸಿದಿರಿ: ಒಂದು ಲಕ್ಷ ಆಸನ, 200 ಮೀಟರ್ ಎತ್ತರದ ಮೂರು ಕಂಬ, ಅವುಗಳ ಮೇಲೆ ದೊಡ್ಡದೊಂದು ಕೊಡೆ, ಅಂದಾಜು ವೆಚ್ಚ 200 ಕೋಟಿ ಪೌಂಡ್. ಸೋರುವ ಮಾಳಿಗೆಗೆ ಡಾಂಬರು ಹಚ್ಚುವ ಬದಲು ಊರಿಗೇ ಕೊಡೆ ಹಿಡಿಯುವ ಔದಾರ್ಯ ದೊಡ್ಡದು. ಗಣೇಶನಿಗೆ ಹಬ್ಬದ ದಿನ ನಾವು ಇಡುವ ಬಣ್ಣದ ಕಾಗದದ ಕೊಡೆ ಮೂವತ್ತು ರೂಪಾಯಿಗೆ ಸಿಗುತ್ತದೆ, ಬೇಕಿದ್ದರೆ ಕಳಿಸುತ್ತೇನೆ.

ಕೋಚ್ ಬದಲಿಸಿ ಅಂತ ಈ ಅರ್ಜಿಯಲ್ಲಿ ಕೇಳುತ್ತಿಲ್ಲ. ಫರ್ಗ್ಯೂಸನ್ ಹೋದ ಮೇಲೆ ಮೋಯ್ಸ್, ವಾನ್ ಹಾಲ್, ಮೊರಿನ್ಯೊ, ಸೋಲ್‌ಶಾರ್, ಟೆನ್ ಹಾಗ್, ಆಮೊರಿಮ್. ಹಂಗಾಮಿಗಳನ್ನು ಬಿಟ್ಟಿದ್ದೇನೆ. ಇಷ್ಟು ಜನರಲ್ಲಿ ಒಬ್ಬರಿಗೂ ಆಟ ಬರುತ್ತಿರಲಿಲ್ಲ ಅಂತ ನಂಬುವುದು ಕಷ್ಟ. ಕುರ್ಚಿಯ ಮೇಲೆ ಕೂತವರು ಬದಲಾಗುತ್ತಲೇ ಇದ್ದಾರೆ. ಕುರ್ಚಿ ಹಾಕಿದವರು ಇಪ್ಪತ್ತು ವರ್ಷದಿಂದ ಅವರೇ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ನೌಕರರ ಕ್ಯಾಂಟೀನಿನ ಒಲೆ ಮತ್ತೆ ಹಚ್ಚಿಸಬೇಕಾಗಿ, ಮಕ್ಕಳಿಗೂ ಮುದುಕರಿಗೂ ಅರ್ಧ ಟಿಕೆಟ್ ಖಾಯಂ ಮಾಡಬೇಕಾಗಿ, ಕೊಡೆ ಬಿಡಿಸುವ ಮುಂಚೆ ಈಗಿರುವ ಛಾವಣಿಯ ತೂತು ಮುಚ್ಚಿಸಬೇಕಾಗಿ ವಿನಂತಿ. ಮೂರೂ ಸೇರಿದರೂ ಒಬ್ಬ ಕೋಚನ್ನು ಮನೆಗೆ ಕಳಿಸುವಷ್ಟು ಖರ್ಚಾಗಲಿಕ್ಕಿಲ್ಲ. ಕಪ್ಪನ್ನು ಈ ಅರ್ಜಿಯಲ್ಲಿ ಕೇಳಿಲ್ಲ. ಅದಕ್ಕೆ ಬೇರೆ ಅರ್ಜಿ ಬರೆಯುತ್ತೇನೆ. ಮೊದಲು ಊಟ ಹಾಕಿ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಅಭಿಮಾನಿ