ಡರ್ಟ್ ರೇಸ್ ಸಂಘಟಕನ ಸಂನ್ಯಾಸ ಮೀಮಾಂಸೆ

ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರಕ್ಕೆ ಮೊದಲ ನಮಸ್ಕಾರ, ಮೈಕ್‌ಸೆಟ್ಟಿಗೆ ಪೊಲೀಸ್ ಠಾಣೆ ಕೊಡುವ ಅನುಮತಿಗೆ ಎರಡನೆಯದು. ಇವೆರಡೂ ಕೈಸೇರದೆ ಯಾವ ರೇಸೂ ಆರಂಭವಾಗದು, ರೇಸಿನ ಮೇಲಿನ ಶಾಸ್ತ್ರವಂತೂ ಆಗದು. ಮಲೆನಾಡಿನಲ್ಲಿ ಕೊಯ್ಲಾದ ಗದ್ದೆಯನ್ನು ಒಂದು ಭಾನುವಾರದ ಮಟ್ಟಿಗೆ ಹಿಡಿದು, ಜೆಸಿಬಿಯಿಂದ ದಿಬ್ಬ ಕಟ್ಟಿಸಿ, ಹವ್ಯಾಸಿ ಹುಡುಗರ ಬೈಕುಗಳನ್ನು ಗಾಳಿಗೆ ಹಾರಿಸುವ ಸಂಘಟಕನು ಆ ಕೆಲಸದಿಂದ ಎಂದು ಇಳಿಯತಕ್ಕದ್ದು ಎಂಬುದೇ ಇಲ್ಲಿನ ವಿಷಯ. ಈ ಶಾಸ್ತ್ರಕ್ಕೆ ಅಧಿಕಾರಿ, ಸ್ವಂತ ದುಡ್ಡು ಹಾಕಿದವನು. ಪ್ರಯೋಜನ, ಮನೆಯಲ್ಲಿ ಶಾಂತಿ. ಸಂಬಂಧ, ಈಗಾಗಲೇ ಹಳಸಿದೆ.

ಸವಾರನ ನಿವೃತ್ತಿ ಜಟಿಲವಲ್ಲ. ಕ್ಲಚ್ ಸುಟ್ಟರೆ ಫಲಿತಾಂಶದ ಹಾಳೆಯಲ್ಲಿ ‘ಡಿಎನ್‌ಎಫ್’ ಎಂದು, ಅಂದರೆ ‘ಮುಗಿಸಲಿಲ್ಲ’ ಎಂದು, ಬೀಳುತ್ತದೆ. ಅವನು ಕಬ್ಬಿನ ಹಾಲು ಕುಡಿಯುತ್ತ ಮುಂದಿನ ಹೀಟ್ ನೋಡುತ್ತಾನೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಡಕಾರ್ ಮುಗಿಸಿದಾಗ, ಆ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಎಂಬ ಕೀರ್ತಿ ಬಂತು. ಸಂಘಟಕ ಮುಗಿಸಿದ ಎಂದು ಮಾತ್ರ ಯಾವ ಪತ್ರಿಕೆಯೂ ಬರೆದದ್ದಿಲ್ಲ. ಬರೆಯುವುದು ಹೇಗೆ? ಶಾಮಿಯಾನದವನ ಬಾಕಿ ತೀರಿದ ದಿನ ಅವನ ರೇಸ್ ಮುಗಿಯುತ್ತದೆ. ಆ ಬಾಕಿ ತೀರುವುದು ಮುಂದಿನ ವರ್ಷದ ಎಂಟ್ರಿ ಫೀಯಿಂದ. ಎಂಟ್ರಿ ಫೀ ಬರಬೇಕಾದರೆ ಮುಂದಿನ ವರ್ಷವೂ ರೇಸ್ ಆಗಬೇಕು. ರೇಸ್ ಆದರೆ ಶಾಮಿಯಾನ ಬೇಕು. ಪುನರಪಿ ಜನ್ಮಕ್ಕೆ ಕರ್ಮಶೇಷ ಕಾರಣವೆಂದು ಹಿರಿಯರು ಸಾರಿದ್ದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಬೇರೆ ಲೆಕ್ಕಪುಸ್ತಕವಿಲ್ಲ.

ಆಶ್ರಮಧರ್ಮದ ಮೊರೆಹೋಗೋಣವೆಂದರೆ ಅಲ್ಲೂ ತೊಡಕು. ಮೂಲೆಯಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಿರಿ ಬ್ರಹ್ಮಚರ್ಯ. ಸ್ಪಾನ್ಸರನ ಅಂಗಡಿ ಮುಂದೆ ಕಾಯುವುದು ಗಾರ್ಹಸ್ಥ್ಯ. ಮೂರನೆಯದಕ್ಕೆ ಕಾಡಿಗೆ ಹೋಗಬೇಕು. ಆದರೆ ಇವನು ಹೊಸ ಟ್ರ್ಯಾಕ್ ಹುಡುಕುತ್ತ ಇಷ್ಟು ವರ್ಷ ಇದ್ದದ್ದೇ ಕಾಡಂಚಿನಲ್ಲಿ. ಇನ್ನೂ ಒಳಗೆ ಹೋದರೆ ಅರಣ್ಯ ಇಲಾಖೆ ಕೇಸು ಹಾಕುತ್ತದೆ. ಆದ್ದರಿಂದ ವಾನಪ್ರಸ್ಥವು ಸಂಘಟಕನ ಪಾಲಿಗೆ ಒಂದೋ ಆಗಲೇ ಆದದ್ದನ್ನು ಮತ್ತೆ ಸಾಧಿಸುವ ಸಿದ್ಧಸಾಧನ, ಇಲ್ಲವೇ ಜಾಮೀನಿಲ್ಲದ ಅಪರಾಧ.

ಇನ್ನು ಪ್ರಮಾಣಗಳು. ಪ್ರತ್ಯಕ್ಷ ಮೊದಲೇ ಬಿದ್ದುಹೋಗುತ್ತದೆ, ಏಕೆಂದರೆ ಸಂಘಟಕ ರೇಸ್ ನೋಡುವುದಿಲ್ಲ. ಸ್ಟಾರ್ಟ್ ಆಗುವ ಹೊತ್ತಿಗೆ ಅವನು ಜನರೇಟರ್ ಬಳಿ. ಕೊನೆಯ ಲ್ಯಾಪಿನ ಹೊತ್ತಿಗೆ, ಶಾಸಕರ ಕಾರು ಯಾವ ಗೇಟಿನಿಂದ ಬರುತ್ತದೆಂದು ಕಾಯುತ್ತ ರಸ್ತೆಯಲ್ಲಿ. ಗೆದ್ದವನಾರೆಂದು ಅವನಿಗೆ ತಿಳಿಯುವುದು ಸೋತವನು ಪ್ರೊಟೆಸ್ಟ್ ಫೀ ಹಿಡಿದು, ‘ಅಣ್ಣ, ಅವನ ಇಂಜಿನ್ ಬಿಚ್ಚಿಸಿ’ ಎಂದು ಬಂದಾಗಲೇ. ಹೀಗಾಗಿ ಅವನ ಜ್ಞಾನವೆಲ್ಲ ಅನುಮಾನಪ್ರಮಾಣದ್ದು. ಹೊಗೆಯಿಂದ ಬೆಂಕಿಯನ್ನು ಊಹಿಸಿ ಅಡುಗೆಮನೆಯ ದೃಷ್ಟಾಂತ ಕೊಟ್ಟ ನೈಯಾಯಿಕರು ಡರ್ಟ್ ರೇಸ್ ಕಂಡವರಲ್ಲ. ಇಲ್ಲಿನ ವ್ಯಾಪ್ತಿ ಹೀಗಿದೆ: ಎಲ್ಲೆಲ್ಲಿ ಧೂಳಿದೆಯೋ ಅಲ್ಲಲ್ಲಿ ನೀರಿನ ಟ್ಯಾಂಕರಿನವನು ಫೋನ್ ಎತ್ತಿಲ್ಲ, ಹೋದ ವರ್ಷದ ಗದ್ದೆಯಲ್ಲಿ ಎತ್ತದಂತೆ.

ಪೂರ್ವಪಕ್ಷಿಯ ವಾದ ಒಂದೇ: ‘ನಾನು ಬಿಟ್ಟರೆ ಮಾಡುವವರು ಯಾರು?’ ಇದಕ್ಕೆ ಹುಡುಗರ ಪಡೆ ತಾಳ ಹಾಕುತ್ತದೆ: ‘ನೀವಿಲ್ದಿದ್ರೆ ಆಗಲ್ಲ ಅಣ್ಣ, ಇದೊಂದ್ಸಲ ಮಾಡಿಬಿಡಿ.’ ವಿಶ್ವ ಮೋಟೋಕ್ರಾಸ್ ಚಾಂಪಿಯನ್‌ಷಿಪ್‌ನಲ್ಲಿ ಒಂದು ರೇಸ್ ಎಂದರೆ 30 ನಿಮಿಷ ಮತ್ತು 2 ಲ್ಯಾಪ್. ಸಮಯ ಮುಗಿದ ಮೇಲೂ ಎರಡು ಸುತ್ತು ಬಾಕಿ ಇರುತ್ತದೆ ಎಂಬ ಈ ತತ್ತ್ವವನ್ನು ನಮ್ಮ ಸಂಘಟಕ ಕರಗತ ಮಾಡಿಕೊಂಡಿದ್ದಾನೆ. ಎಷ್ಟೋ ವರ್ಷಗಳಿಂದ ಅವನಿಗೆ ಇನ್ನೆರಡೇ ಸುತ್ತು ಉಳಿದಿವೆ. ಲ್ಯಾಪ್ ಎಣಿಸುವವನೂ ಅವನೇ ಆಗಿರುವುದರಿಂದ ಪ್ರೊಟೆಸ್ಟ್ ಸಲ್ಲದು.

ವಿದೇಶದ ದೃಷ್ಟಾಂತಗಳು ಪರಸ್ಪರ ಜಗಳವಾಡುತ್ತವೆ. ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಆಂಗಸ್ ಸ್ಕಾಟ್ ತನ್ನ ಬೈಕ್ ಕಂಪನಿಯ ಕೆಲಸಗಾರರಿಗೆಂದು 1914ರಲ್ಲಿ ಸ್ಕಾಟ್ ಟ್ರಯಲ್ ಆರಂಭಿಸಿದ. 1923ರಲ್ಲಿ ಅವನು ತೀರಿಕೊಂಡ. ಅವನ ಹೆಸರಿನ ಸ್ಪರ್ಧೆ ಮಾತ್ರ ಅವನ ಕಂಪನಿಗಿಂತಲೂ ಹೆಚ್ಚು ಬಾಳಿತು. ಪೂರ್ವಪಕ್ಷಿ ಈ ಪುಟವನ್ನು ಓದುವುದಿಲ್ಲ, ಅವನು ನೇರ ಡಕಾರ್‌ಗೆ ಹಾರುತ್ತಾನೆ. 1977ರಲ್ಲಿ ಲಿಬಿಯಾದ ಮರಳುಗಾಡಿನಲ್ಲಿ ಬೈಕ್ ಸಮೇತ ದಾರಿ ತಪ್ಪಿ ಬದುಕಿ ಬಂದ ಥಿಯೆರಿ ಸಬೀನ್, ಆ ಭಾಗ್ಯ ಉಳಿದವರಿಗೂ ಸಿಗಲೆಂದು 1978ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಡಕಾರ್‌ಗೆ ರ್‍ಯಾಲಿ ಹೊರಡಿಸಿದ. 1986ರ ಜನವರಿಯಲ್ಲಿ ರ್‍ಯಾಲಿ ನಡೆದಿರುವಾಗಲೇ ಮಾಲಿಯಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಪ್ರಾಣಬಿಟ್ಟ. ಅಣಕಕ್ಕೂ ಅಲ್ಲಿ ಒಂದು ಕ್ಷಣ ಬಾಯಿ ಕಟ್ಟುತ್ತದೆ. ನೊಗ ಹೊತ್ತವರು ಅವನ ತಂದೆ. ಮುಂದೆ ರ್‍ಯಾಲಿ 2009ರಲ್ಲಿ ದಕ್ಷಿಣ ಅಮೆರಿಕಕ್ಕೂ 2020ರಲ್ಲಿ ಸೌದಿ ಅರೇಬಿಯಕ್ಕೂ ಹೋಯಿತು. ಡಕಾರ್ ದಾರಿಯಲ್ಲೇ ಇಲ್ಲ, ಹೆಸರು ಮಾತ್ರ ಡಕಾರ್. ಖಂಡ ಬಿಟ್ಟರೂ ಫ್ಲೆಕ್ಸಿನ ಮೇಲಿನ ಹೆಸರು ಬಿಡಬೇಕಿಲ್ಲವೆಂದು ನಮ್ಮವನು ಇದರಿಂದ ಅರ್ಥ ಮಾಡಿಕೊಂಡಿದ್ದಾನೆ.

ಅವನಿಗೆ ಬಾವುಟ ತೋರಿಸುವವರಿಲ್ಲವೆಂದಲ್ಲ. ಹಿಂದಿನಿಂದ ಬಂದವನಿಗೆ ದಾರಿ ಬಿಡು ಎಂಬ ನೀಲಿ ಬಾವುಟವನ್ನು ಊರಿನ ಹೊಸ ಹುಡುಗರು ಬೀಸುತ್ತಲೇ ಇದ್ದಾರೆ. ಅವನು ಅದನ್ನು ಟಾರ್ಪಾಲೆಂದು ಭಾವಿಸಿ, ಕಟ್ಟಲು ಹಗ್ಗ ತರಿಸುತ್ತಾನೆ. ಎಚ್ಚರಿಕೆಯ ಹಳದಿಯನ್ನು ಹೆಂಡತಿ ತೋರಿಸುತ್ತಾಳೆ: ‘ರೀ, ಈ ವರ್ಷ ಯಾವ ಒಡವೆ ಅಡ ಇಡ್ತೀರಿ?’ ರೇಸ್ ನಿಲ್ಲಿಸುವ ಕೆಂಪು ಬಾವುಟದ ಬಗ್ಗೆ ಮಾತ್ರ ಈ ಲೇಖಕನು ವಾದಕ್ಕೆ ನಿಲ್ಲುವುದಿಲ್ಲ. ತಿರುವಿನ ಹೊರಮಗ್ಗುಲಲ್ಲಿ ಜನ ಹಗ್ಗ ದಾಟಿ ನಿಂತಿರುವುದನ್ನು ಕಂಡೂ ‘ಏನೂ ಆಗಲ್ಲ ಬಿಡಿ’ ಎಂದು ಅವನ ಬಾಯಿಂದ ಬಂದರೆ, ಆ ಹೀಟ್ ಮುಗಿಯುವುದಕ್ಕೂ ಕಾಯದೆ ಅವನನ್ನು ಕೆಳಗಿಳಿಸಬೇಕು. ದಣಿದವನ ಕಣ್ಣಿಗೆ ಎಲ್ಲವೂ ಸುರಕ್ಷಿತವಾಗಿಯೇ ಕಾಣುತ್ತದೆ.

ಸಿದ್ಧಾಂತಕ್ಕೆ ಬರೋಣ. ಸಂಘಟಕ ಎರಡು ತಾಸು ಕಣ್ಮರೆಯಾಗಲಿ; ಗದ್ದೆಯ ಒಡೆಯನು ಬದು ಒಡೆದದ್ದಕ್ಕೆ ಮುನಿಸಿಕೊಂಡು ಮನೆಗೆ ಹೋದನೆಂದು ಜೀಪು ಹತ್ತಿ ರಾಜಿಗೆ ಹೋಗಿದ್ದಾನೆ ಎನ್ನೋಣ. ಹಿಂತಿರುಗಿ ನೋಡಿದರೆ ನೊವೀಸ್‌ಗಿಂತ ಮೊದಲೇ ಬುಲೆಟ್ ಕ್ಲಾಸ್ ಓಡಿಸಿದ್ದಾರೆ, ಟ್ರೋಫಿಗಳು ಅದಲುಬದಲಾಗಿವೆ, ಊಟ ಒಂದು ಗಂಟೆ ಮೊದಲೇ ಬಡಿಸಿ ಮಾರ್ಷಲ್‌ಗಳಿಗೆ ಪಲಾವ್ ಮುಗಿದಿದೆ. ಎಲ್ಲವೂ ತಪ್ಪು, ಆದರೂ ರೇಸ್ ನಡೆದಿದೆ, ಯಾರೂ ಅವನನ್ನು ಹುಡುಕಿಲ್ಲ. ನಿವೃತ್ತಿಗೆ ಅದೇ ಮುಹೂರ್ತ. ಆ್ಯಂಬುಲೆನ್ಸ್ ಅಂಗಳ ಬಿಟ್ಟರೆ ರೇಸ್ ನಿಲ್ಲಿಸಬೇಕು. ಸಂಘಟಕ ಬಿಟ್ಟರೆ ನಿಲ್ಲಿಸಬೇಕೆಂದು ಯಾವ ನಿಯಮಪುಸ್ತಕವೂ ಹೇಳುವುದಿಲ್ಲ.

ಬಿಟ್ಟವನ ಬೆಲೆ ಇಳಿಯುತ್ತದೆಂಬ ಭಯಕ್ಕೆ ಯಮಹಾ ಆರ್‌ಎಕ್ಸ್ 100 ಸಮಾಧಾನ ಹೇಳುತ್ತದೆ. 1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತ ಆ ಬೈಕಿನ ಬೆಲೆ ಏರಿದ್ದೇ ನಿಂತ ಮೇಲೆ. ಆದರೆ ಅದು ನಿಂತ ಮೇಲೆ ಕಾರ್ಖಾನೆಗೆ ಬಂದು ಸಲಹೆ ಕೊಡಲಿಲ್ಲ. ಗೌರವಾಧ್ಯಕ್ಷ ಪದವಿ ಪಡೆದ ಸಂಘಟಕನಿಗೆ ವೇದಿಕೆಯಲ್ಲಿ ಕುರ್ಚಿ, ಹಾರ, ಒಂದು ಟೋಪಿ ಕೊಡುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ವಾಕಿಟಾಕಿ ಕೊಡಬಹುದೇ ಎಂಬಲ್ಲಿ ಬಹುಕಾಲ ಚರ್ಚೆಯಾಗಿ ಇತ್ತೀಚೆಗೆ ಒಮ್ಮತ ಮೂಡಿದೆ: ಕೊಡಬಹುದು, ಬ್ಯಾಟರಿ ತೆಗೆದು.